ಸೋಪು, ಹಳೇ ಪೇಪರ್, ಖಾಲಿ ಬಾಟಲಿ: ಗಿಡಕ್ಕೆ ಎಷ್ಟು, ಹೇಗೆ

ಚಿಗುರು ಮುರುಟಿಕೊಂಡು, ಎಲೆ ಮುಟ್ಟಿದರೆ ಅಂಟಂಟಾಗಿ, ಕಾಂಡದ ಮೇಲೆ ಇರುವೆಗಳ ಓಡಾಟ ಕಂಡರೆ ಎಲೆಯನ್ನು ಮಗುಚಿ ನೋಡಿ. ನರದ ಗುಂಟ ಹಸಿರು ಇಲ್ಲವೇ ಕಪ್ಪು ಹೇನುಗಳು ಒತ್ತೊತ್ತಾಗಿ ಕೂತಿರುತ್ತವೆ. ಇದಕ್ಕೆ ಸೋಪೇ ಸಾಕು. ಸಾದಾ ಸೋಪನ್ನು ತುರಿದು, ಒಂದು ಲೀಟರ್ ನೀರಿಗೆ 5 ಗ್ರಾಂ ಲೆಕ್ಕದಲ್ಲಿ ಕರಗಿಸಿ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಎಲೆಯ ಮೇಲಿನ ಮೇಣದ ಪದರವೇ ಹೋಗಿ ಅಂಚು ಸುಟ್ಟಂತಾಗುತ್ತದೆ. ಇನ್ನೂ ಸ್ವಲ್ಪ ಇರಲಿ ಎಂದು ಸೋಪು ಹೆಚ್ಚಿಸಿದರೂ ಅದೇ ಗತಿ. ಗಡಸು ನೀರಿನಲ್ಲಿ ಸೋಪು ಒಡೆದು ಕೆನೆಗಟ್ಟುತ್ತದೆ, ಮಳೆನೀರು ಸಿಕ್ಕರೆ ಒಳ್ಳೆಯದು.

ಮೊದಲು ಒಂದೇ ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಏನೂ ಆಗದಿದ್ದರೆ ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗ ತೊಯ್ಯುವಂತೆ ಸಿಂಪಡಿಸಿ. ಮೈಗೆ ತಾಗಿದ ಹುಳ ಮಾತ್ರ ಸಾಯುತ್ತದೆ. ಒಣಗಿದ ಸೋಪಿಗೆ ಯಾವ ಶಕ್ತಿಯೂ ಇಲ್ಲ. ಎರಡು ಗಂಟೆ ಬಿಟ್ಟು ಬರೀ ನೀರಿನಿಂದ ತೊಳೆಯಿರಿ. ಮಡಿಕೆಯಲ್ಲಿ ಅಡಗಿ ಉಳಿದವು ಮತ್ತೆ ಮರಿ ಹಾಕುವುದರಿಂದ ಐದು ದಿನಕ್ಕೊಮ್ಮೆ, ಮೂರು ಸಲ ಮಾಡಬೇಕು. ಗುಲಗಂಜಿ ಹುಳುಗಳು (ಕೆಂಪು ಮೈಮೇಲೆ ಕಪ್ಪು ಚುಕ್ಕೆ ಇರುವ ಪುಟ್ಟ ಲೇಡಿಬರ್ಡ್ ಹುಳು) ಕಂಡರೆ ಮಾತ್ರ ಸಿಂಪಡಿಸದೆ ಒಂದು ವಾರ ಬಿಡಿ. ಹೇನು ತಿನ್ನುವ ಕೆಲಸ ಅವುಗಳದ್ದೇ, ಪಾಪ, ಅವಕ್ಕೇಕೆ ಸೋಪು?

ಕಳೆಗೆ ಹಳೇ ಪೇಪರ್ ಒಳ್ಳೆಯದು. ಆರರಿಂದ ಎಂಟು ಹಾಳೆ ಒಟ್ಟಿಗೆ ನೀರಲ್ಲಿ ಅದ್ದಿ, ಅಂಚು ಒಂದರ ಮೇಲೊಂದು ಬರುವಂತೆ ಹಾಸಿ, ಮೇಲೆ ಒಣ ಎಲೆ ಹರಡಿ. ಬುಡದ ಸುತ್ತ ನಾಲ್ಕು ಬೆರಳು ಜಾಗ ಬಿಡದಿದ್ದರೆ ಕಾಂಡ ಕೊಳೆಯುತ್ತದೆ. ಮಿರುಗುವ ಹಾಳೆ ನೀರು ಇಳಿಯಲು ಬಿಡುವುದಿಲ್ಲ, ಅದು ಬೇಡ.

ಎರಡು ಮೂರು ದಿನ ಊರಿಗೆ ಹೋಗುವಾಗ ಒಂದು ಲೀಟರಿನ ಬಾಟಲಿಯ ಮುಚ್ಚಳಕ್ಕೆ ಬಿಸಿ ಸೂಜಿಯಿಂದ ಒಂದೇ ತೂತು ಮಾಡಿ, ತಳ ಕತ್ತರಿಸಿ, ತಲೆಕೆಳಗಾಗಿ ಬುಡದ ಪಕ್ಕ ಹೂಳಿ, ನೀರು ತುಂಬಿ. ಬಾಟಲಿಯ ಕುತ್ತಿಗೆಗೆ ಹತ್ತಿ ಬಟ್ಟೆ ಸುತ್ತದಿದ್ದರೆ ಮಣ್ಣು ಸೇರಿ ತೂತು ಕಟ್ಟಿಕೊಳ್ಳುತ್ತದೆ. ಕುಂಡವನ್ನು ಮೊದಲೇ ಚೆನ್ನಾಗಿ ನೆನೆಸಿರಿ. ಒಣ ಮಣ್ಣು ಬಾಟಲಿಯ ನೀರನ್ನೆಲ್ಲ ಬೇಗ ಹೀರಿಬಿಡುತ್ತದೆ. ಊರಿಗೆ ಹೊರಡುವ ಹಿಂದಿನ ದಿನವೇ ಒಮ್ಮೆ ಹೂಳಿ ಪರೀಕ್ಷಿಸಿ.

ಚಹಾ, ಕಾಫಿ ಚರಟದಲ್ಲಿ ಹಾಲು, ಸಕ್ಕರೆ ಇದ್ದರೆ ತೊಳೆದು ಮಣ್ಣಲ್ಲಿ ಬೆರೆಸಿ. ಮೇಲೆ ದಪ್ಪಗೆ ಸುರಿದರೆ ಹೆಪ್ಪುಗಟ್ಟಿ ನೀರು ಪಕ್ಕಕ್ಕೆ ಜಾರುತ್ತದೆ. ಮೊಟ್ಟೆ ಸಿಪ್ಪೆಯನ್ನು ನುಣ್ಣಗೆ ಪುಡಿ ಮಾಡಿದರೂ ಕರಗಲು ತಿಂಗಳುಗಟ್ಟಲೆ ಬೇಕು. ಟೊಮೆಟೊ ಕಾಯಿಯ ತಳ ಕಪ್ಪಾದಾಗ ಸಿಪ್ಪೆ ಹಾಕುವವರೇ ಹೆಚ್ಚು. ಆದರೆ ಮಣ್ಣಲ್ಲಿ ಸುಣ್ಣದಂಶ ಇದ್ದೂ, ನೀರು ಒಂದು ದಿನ ಜಾಸ್ತಿ, ಇನ್ನೊಂದು ದಿನ ಇಲ್ಲವೆಂದಾದಾಗ ಅದು ಕಾಯಿಗೆ ತಲುಪುವುದಿಲ್ಲ. ಮೊದಲು ನೀರು ಹಾಕುವುದನ್ನು ಒಂದೇ ಸಮ ಮಾಡಿ.

ಕಳೆ ಸಾಯಲೆಂದು ಉಪ್ಪು ಮಾತ್ರ ಹಾಕಬೇಡಿ. ಕಳೆ ಒಣಗಿದ ಮೇಲೂ ಉಪ್ಪು ಮಣ್ಣಲ್ಲೇ ಉಳಿದು, ಮುಂದೆ ಅಲ್ಲಿ ನೆಟ್ಟ ಗಿಡದ ಬೇರು ನೀರು ಹೀರದಂತೆ ಮಾಡುತ್ತದೆ.