ಒರಿಜಿನ್/ಮೇನ್ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು

ಮೇ ತಿಂಗಳ ಮಧ್ಯಾಹ್ನ. ಕಲಬುರಗಿ ಬಿಸಿಲು ಗೊತ್ತಲ್ವಾ, ಕರೆಂಟ್ ಹೋಗಿತ್ತು, ಅದರ ಜೊತೆ ವೈಫೈಯೂ. ಆದರೂ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಗಿಟ್ ಸ್ಟೇಟಸ್ ಹೊಡೆದರೆ, ನನ್ನ ಬ್ರಾಂಚ್ (ಕೋಡಿನ ಕವಲು) ಒರಿಜಿನ್/ಮೇನ್ ಜೊತೆ ಅಪ್ ಟು ಡೇಟ್ ಇದೆ ಅಂತ ಬಂತು. ಒರಿಜಿನ್/ಮೇನ್ ಅಂದರೆ ಸರ್ವರಿನಲ್ಲಿರುವ ಮೇನ್ ಬ್ರಾಂಚೇ ಅಂದುಕೊಂಡಿದ್ದೆ. ನೆಟ್ಟೇ ಇಲ್ಲದೆ ಇದಕ್ಕೆ ಹೇಗೆ ಗೊತ್ತಾಯಿತು ಅನ್ನೋದು ಆವಾಗ ತಲೆಗೇ ಬರಲಿಲ್ಲ. ಕೆಲಸ ಮುಗಿಸಿ ಕಮಿಟ್ ಮಾಡಿಟ್ಟೆ, ಅಂದರೆ ಬದಲಾವಣೆಯನ್ನು ನನ್ನ ಲ್ಯಾಪ್‌ಟಾಪಿನಲ್ಲೇ ದಾಖಲಿಸಿಟ್ಟೆ.

ಸಂಜೆ ಅದನ್ನು ಸರ್ವರಿಗೆ ಪುಶ್ ಮಾಡಿದರೆ ರಿಜೆಕ್ಟೆಡ್. ಸರ್ವರಿನದೇ ಏನೋ ಕಿರಿಕಿರಿ ಅಂದುಕೊಂಡು ಫೋರ್ಸ್ ಹಾಕಿ, ಸರ್ವರಿನಲ್ಲಿ ಏನಿದ್ದರೂ ಅದರ ಜಾಗಕ್ಕೆ ನನ್ನದನ್ನೇ ತಳ್ಳಿದೆ. ಹತ್ತು ನಿಮಿಷಕ್ಕೆ ಬೀದರ್‌ನಿಂದ ಜೊತೆಗಾರನ ಫೋನ್: "ಅಣ್ಣಾ, ನನ್ನ ಎರಡು ಕಮಿಟ್ ಎಲ್ಲಿ ಹೋದವ್ರಿ?"

ಅವನ ಲೋಕಲ್ ಬ್ರಾಂಚಿನಲ್ಲಿ ಎರಡೂ ಹಾಗೇ ಇದ್ದವು, ಬಚಾವಾದೆ. ಅವನು ಫೆಚ್ ಮಾಡಿ (ಸರ್ವರಿನದನ್ನು ತರಿಸಿಕೊಂಡು), ನನ್ನದನ್ನು ತನ್ನದರ ಜೊತೆ ಮರ್ಜ್ ಮಾಡಿಕೊಂಡು (ಸೇರಿಸಿಕೊಂಡು) ಪುಶ್ ಮಾಡಿದ.

ರಾತ್ರಿ ಕೂತು, ಗಿಟ್ ತನ್ನ ಲೆಕ್ಕ ಇಟ್ಟುಕೊಳ್ಳುವ ಡಾಟ್ ಗಿಟ್ ಫೋಲ್ಡರ್ ತೆರೆದೆ. ರೆಫ್ಸ್ ಒಳಗಿನ ಹೆಡ್ಸ್‌ನಲ್ಲಿ ಮೇನ್ ಅಂತ ಒಂದು ಫೈಲ್. ಪಕ್ಕದ ರಿಮೋಟ್ಸ್‌ನಲ್ಲಿ ಒರಿಜಿನ್ (ನಮ್ಮ ಸರ್ವರಿಗೆ ಗಿಟ್ ಕೊಟ್ಟ ಹೆಸರು), ಅದರಲ್ಲೂ ಒಂದು ಮೇನ್. ಎರಡರಲ್ಲೂ ಒಂದೊಂದೇ ಸಾಲು, 40 ಅಕ್ಷರ-ಅಂಕಿಗಳ ಕಮಿಟ್ ಗುರುತು. ಅಷ್ಟೇ! ಗಿಟ್ ಫೆಚ್ ಹೊಡೆದೆ. ಒರಿಜಿನ್‌ನ ಸಾಲು ಬದಲಾಯಿತು, ನನ್ನ ಮೇನ್ ಅಲ್ಲಾಡಲಿಲ್ಲ. ಒರಿಜಿನ್/ಮೇನ್ ಅನ್ನು ಮರ್ಜ್ ಮಾಡಿದ ಮೇಲೆ ಎರಡೂ ಒಂದೇ ಆದವು. ಪುಲ್ ಅಂದರೆ ಈ ಎರಡು ಕೆಲಸ ಒಟ್ಟಿಗೆ.

ಹಾಗಾದರೆ ಮೇನ್ ಅನ್ನೋದು ಮೂರು ಕಡೆ ಇದೆ. ನನ್ನದೊಂದು, ಸರ್ವರಿನದೊಂದು, ಸರ್ವರನ್ನು ಕೊನೆಯ ಸಲ ಮಾತಾಡಿಸಿದಾಗ ಅದು ಎಲ್ಲಿತ್ತು ಅಂತ ನನ್ನಲ್ಲಿ ಬರೆದಿಟ್ಟ ಗುರುತು ಇನ್ನೊಂದು. ನಮ್ಮ ಮಾಮಾ ನೆಹರು ಗಂಜ್ ಮಾರುಕಟ್ಟೆಗೆ ಫೋನ್ ಮಾಡಿ, ತೊಗರಿ ಧಾರಣೆಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮತ್ತೆ ಫೋನ್ ಮಾಡುವವರೆಗೂ ಮನೆಯಲ್ಲಿ ಅದೇ ರೇಟು, ಗಂಜಿನಲ್ಲಿ ಏರಲಿ ಇಳಿಯಲಿ. ಸ್ಟೇಟಸ್ ಓದುವುದು ಆ ಬಾಗಿಲನ್ನೇ.

ಈಗ ಬೆಳಿಗ್ಗೆ ಮೊದಲು ಫೆಚ್. ಆಮೇಲೆ ಗಿಟ್ ಬ್ರಾಂಚ್ ಬರೆದು ಎರಡು ವಿ (-vv) ಹಾಕುತ್ತೇನೆ. ಯಾವ ಲೋಕಲ್ ಬ್ರಾಂಚಿಗೆ ಯಾವ ರಿಮೋಟ್ ಬ್ರಾಂಚ್ ಜೋಡಿ, ಎಷ್ಟು ಹಿಂದೆ, ಎಷ್ಟು ಮುಂದೆ ಅಂತ ತೋರಿಸುತ್ತದೆ. ಫೆಚ್‌ಗೆ ಪ್ರೂನ್ ಸೇರಿಸುವುದೂ ಒಳ್ಳೆಯದು. ಇಲ್ಲಾಂದ್ರೆ ಸರ್ವರಿನಲ್ಲಿ ಅಳಿಸಿಹೋದ ಬ್ರಾಂಚುಗಳ ಗುರುತು ನಮ್ಮಲ್ಲಿ ಸುಮ್ನೆ ಬಿದ್ದಿರುತ್ತದೆ. ಫೋರ್ಸ್ ಮಾಡಲೇಬೇಕಾದರೆ ಫೋರ್ಸ್ ವಿತ್ ಲೀಸ್. ನನ್ನ ಗುರುತಿಗೂ ಸರ್ವರಿಗೂ ತಾಳೆಯಾಗದಿದ್ದರೆ ಪುಶ್ ಅಲ್ಲೇ ನಿಲ್ಲುತ್ತದೆ. ಆದರೆ ಎಡಿಟರ್ ನಮಗೆ ಹೇಳದೆ ತಾನೇ ಫೆಚ್ ಮಾಡುತ್ತಿದ್ದರೆ ಗುರುತು ಹೊಸದಾಗಿಬಿಡುತ್ತದೆ, ಲೀಸೂ ಕೈಕೊಡುತ್ತದೆ. ನನ್ನ ಎಡಿಟರಿನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದೇನೆ.