ತಂದೆ, ಮಗ, ಮೊಮ್ಮಗ: ವಿಜಯಪುರದಲ್ಲಿ ನನ್ನ ಬೆಳಗಿನ ನಡಿಗೆ

ವಿಜಯಪುರದ ಸ್ಮಾರಕಗಳನ್ನು ಕಾಲ್ನಡಿಗೆಯಲ್ಲಿ ತೋರಿಸಲು ಹೊರಟ ಹೊಸತರಲ್ಲಿ ನಾನು ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಒಂಬತ್ತು ಆದಿಲ್‌ಶಾಹಿ ಸುಲ್ತಾನರ ಹೆಸರು, ಯಾರು ಏನು ಕಟ್ಟಿಸಿದರು, ಎಷ್ಟು ಎತ್ತರ, ಎಷ್ಟು ಅಗಲ. ಒಮ್ಮೆ ಗದಗ ಕಡೆಯ ಅಜ್ಜಿಯೊಬ್ಬರು ಮೂರು ತಾಸು ನನ್ನ ಜೊತೆ ನಡೆದು, ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಕೇಳಿದರು: “ತಮ್ಮಾ, ಈ ಅರಸರೆಲ್ಲ ಒಬ್ಬರಿಗೊಬ್ಬರು ಏನಾಗಬೇಕು?”

ಅದೊಂದನ್ನೇ ನಾನು ಹೇಳಿರಲಿಲ್ಲ. ಅಂದು ರಾತ್ರಿಯೇ ಕುಳಿತು ದಾರಿಯನ್ನು ಬದಲಿಸಿದೆ.

ಮೊದಲು ಗೋಳಗುಮ್ಮಟವನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಅಷ್ಟು ಹೊತ್ತಿಗೆ ಶಾಲಾ ಪ್ರವಾಸದ ಬಸ್ಸುಗಳು ಬಂದಿರುತ್ತಿದ್ದವು; ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಾಟ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಈಗ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಅಲ್ಲಿಂದಲೇ ಶುರು. ಮೂಲೆಯ ಏಳು ಅಂತಸ್ತಿನ ಗೋಪುರದೊಳಗೆ ಮೆಟ್ಟಿಲು ಕಿರಿದು, ಕಡಿದು. ವಯಸ್ಸಾದವರನ್ನು ಮುಂದೆ ಬಿಟ್ಟು, ಅವರ ಹೆಜ್ಜೆಗೆ ಉಳಿದವರು ನಡೆಯಬೇಕೆಂದು ಹೇಳುತ್ತೇನೆ. ಪ್ರತಿ ಅಂತಸ್ತಿನ ಕಿಟಕಿಯ ಬಳಿ ಒಂದು ನಿಮಿಷ ನಿಲ್ಲುತ್ತೇವೆ.

ಮೇಲೆ ಹತ್ತುವ ಮುನ್ನ, ಹುಲ್ಲುಹಾಸಿನ ಮೇಲೆ ಎರಡು ಕರವಸ್ತ್ರಗಳನ್ನು ಹಾಸುತ್ತೇನೆ. ಒಂದರ ಮೇಲೆ ಇನ್ನೊಂದನ್ನು ಓರೆಯಾಗಿಟ್ಟರೆ ಎಂಟು ಮೂಲೆಯ ನಕ್ಷತ್ರ. ಅದರ ನಡುವೆ ಎಂಟು ಬದಿಯ, ಹೆಚ್ಚುಕಡಿಮೆ ದುಂಡಗಿನ ಜಾಗ. ಚೌಕದ ಗೋಡೆಗಳ ಮೇಲೆ ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಹೀಗೇ ಎಬ್ಬಿಸಿ ಆ ದುಂಡಿನ ಮೇಲೆ ಗುಮ್ಮಟವನ್ನು ಕೂರಿಸಿದ್ದಾರೆ. ಹೊರವ್ಯಾಸ ಸುಮಾರು 44 ಮೀಟರ್, ಒಳಗೆ ಒಂದು ಕಂಬವೂ ಇಲ್ಲ. ಕರವಸ್ತ್ರ ನೋಡಿ ಒಳಹೋದವರು ತಾವಾಗಿಯೇ ತಲೆಯೆತ್ತಿ ಕಮಾನು ಎಣಿಸತೊಡಗುತ್ತಾರೆ. ನನಗೆ ಅದಕ್ಕಿಂತ ಸಂತೋಷದ ಗಳಿಗೆ ಇನ್ನೊಂದಿಲ್ಲ.

ಗ್ಯಾಲರಿಯಲ್ಲಿ ಯಾರೂ ಕೂಗಬಾರದು ಎಂಬುದೊಂದೇ ನನ್ನ ಕಟ್ಟುನಿಟ್ಟು. ಒಮ್ಮೆ ಒಬ್ಬ ತಾಯಿ ಆಚೆ ತುದಿಯಲ್ಲಿ ಗೋಡೆಗೆ ಕೈಯಿಟ್ಟು ಕುಳಿತರು. ಅವರ ಗಾಜಿನ ಬಳೆಗಳ ಸದ್ದು ಈಚೆ ಕುಳಿತ ಮಗಳ ಕಿವಿಯ ಪಕ್ಕದಲ್ಲೇ ಕೇಳಿಸಿತು. ಆ ಹುಡುಗಿ ಬೆಚ್ಚಿ ಹಿಂದಿರುಗಿ ನೋಡಿದಳು. ಅಂದಿನಿಂದ ನಾನು ಚಪ್ಪಾಳೆ ತಟ್ಟಿ ತೋರಿಸುವುದನ್ನು ಬಿಟ್ಟೆ.

ಕೆಳಗಿಳಿದ ಮೇಲೆ ಸಂಬಂಧ ಹೇಳುತ್ತೇನೆ. ಇಲ್ಲಿ ಮಲಗಿರುವವನು ತಂದೆ, ಮೊಹಮ್ಮದ್ ಆದಿಲ್ ಶಾ, ತೀರಿಕೊಂಡದ್ದು 1656. ಇನ್ನು ಪಶ್ಚಿಮಕ್ಕೆ ನಡೆದು ಅವನ ಮಗನ ಬಳಿಗೆ, ಆಮೇಲೆ ಮೊಮ್ಮಗನ ಬಳಿಗೆ ಹೋಗೋಣ.

ದಾರಿಯಲ್ಲಿ ಜುಮ್ಮಾ ಮಸೀದಿ, ಮೆಹತರ್ ಮಹಲಿನ ಬಾಗಿಲು, ಆಸಾರ್ ಮಹಲ್ ಸಿಗುತ್ತವೆ. ಮೆಹತರ್ ಮಹಲಿನಲ್ಲಿ ಕಲ್ಲನ್ನು ಮರದಂತೆ ತೆಳ್ಳಗೆ ಕೊರೆದ ಆಸರೆಗಳನ್ನು ಮಾತ್ರ ತೋರಿಸುತ್ತೇನೆ. ಎಲ್ಲ ಕಡೆಯೂ ಎಲ್ಲವನ್ನೂ ಹೇಳಿದರೆ ಕೇಳುವವರ ಕಾಲಿಗಿಂತ ಮೊದಲು ಕಿವಿ ಸೋಲುತ್ತದೆ.

ಬಾರಾ ಕಮಾನ್ ಎಂಬುದು ಮಗ ಎರಡನೆಯ ಅಲಿ ಆದಿಲ್ ಶಾನ ಗೋರಿ. 1672ರಲ್ಲಿ ಅವನು ತೀರಿಕೊಂಡ. ಕಟ್ಟಡ ಅರ್ಧಕ್ಕೇ ನಿಂತಿತು. ಗೋಳಗುಮ್ಮಟವನ್ನು ಮೀರಿಸುತ್ತದೆಂದು ಬೇಕೆಂದೇ ನಿಲ್ಲಿಸಿದರು ಎಂಬ ಕಥೆಯುಂಟು. ಅದನ್ನೂ ಹೇಳುತ್ತೇನೆ, ಆದರೆ ಜನರ ಬಾಯಿಯ ಕಥೆ ಎಂದು ಮೊದಲೇ ತಿಳಿಸುತ್ತೇನೆ. ಬಿಸಿಲೇರುವ ಹೊತ್ತಿಗೆ ಆ ಕಪ್ಪು ಕಮಾನುಗಳ ನೆರಳು ಜಗಲಿಯ ಮೇಲೆ ಬಿದ್ದಿರುತ್ತದೆ. ಕುಳಿತು ನೀರು ಕುಡಿಯಲು ಒಳ್ಳೆಯ ಜಾಗ.

ಕೊನೆಗೆ ಅರಕಿಲ್ಲೆ ಎಂಬ ಒಳಕೋಟೆಯ ಗಗನ ಮಹಲ್. ಅಗಲವಾದ ನಡುಗಮಾನು, ಎರಡು ಪಕ್ಕ ಎತ್ತರದ ಕಿರುಗಮಾನುಗಳು, ಒಳಗೆ ನಿಂತರೆ ಚಾವಣಿಯಿಲ್ಲ. ವಿಜಯನಗರವನ್ನು 1565ರಲ್ಲಿ ಸೋಲಿಸಿದವರಲ್ಲಿ ಒಬ್ಬನಾದ ಮೊದಲನೆಯ ಅಲಿ ಕಟ್ಟಿಸಿದ ದರ್ಬಾರು ಇದು. 1686ರಲ್ಲಿ ಮೊಮ್ಮಗ ಸಿಕಂದರ್, ಇನ್ನೂ ಹದಿನೆಂಟರ ಆಸುಪಾಸಿನ ಹುಡುಗ, ಔರಂಗಜೇಬನ ಮುಂದೆ ಶರಣಾದ. ಬೆಳ್ಳಿಯ ಸರಪಳಿ ತೊಡಿಸಿ ಇಲ್ಲಿಗೇ ತಂದರು ಎನ್ನುತ್ತಾರೆ. ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಆ ಹುಡುಗನ ಗೋರಿ ಎಲ್ಲಿದೆ?” ಕಾಲಲ್ಲಿ ಇನ್ನೂ ಬಲವಿದ್ದವರನ್ನು ಅಲ್ಲಿಗೂ ಕರೆದೊಯ್ಯುತ್ತೇನೆ. ಇದೇ ಊರಿನಲ್ಲಿದೆ. ಅದರ ಮೇಲೆ ಗುಮ್ಮಟವಿಲ್ಲ.