ನಿದ್ದೆಯಲ್ಲಿದ್ದಾಗ ಟೊರ್ನೇಡೊ ಬಂದರೆ: ಎಬ್ಬಿಸುವ ವ್ಯವಸ್ಥೆ ಮಾಡಿಕೊಳ್ಳುವುದು ಹೇಗೆ?

2020ರ ಮಾರ್ಚ್ 3. ಮಧ್ಯರಾತ್ರಿ ಕಳೆದು ಅರ್ಧ ಗಂಟೆಯಾಗಿತ್ತು. ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರಕ್ಕೆ ಟೊರ್ನೇಡೊ, ಅಂದರೆ ಪ್ರಚಂಡ ಸುಂಟರಗಾಳಿ, ನುಗ್ಗಿತು. ಅದನ್ನು ಹುಟ್ಟಿಸಿದ ಮೋಡವೇ ಪೂರ್ವಕ್ಕೆ ಸಾಗಿ, ಎರಡು ಗಂಟೆ ಹೊಡೆಯುವ ಮುಂಚೆ ಪಟ್ನಮ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಇನ್ನೊಂದು ಸುಂಟರಗಾಳಿಯನ್ನು ಇಳಿಸಿತು. ಆ ಒಂದೇ ಕೌಂಟಿಯಲ್ಲಿ 19 ಜನ ಸತ್ತರು. ಅಮೆರಿಕದಲ್ಲಿ ರಾತ್ರಿಯ ಟೊರ್ನೇಡೊ ಜೀವ ತೆಗೆಯುವ ಸಾಧ್ಯತೆ ಹಗಲಿನದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು. ರಾತ್ರಿಯ ಗಾಳಿಗೆ ಬಲ ಜಾಸ್ತಿ ಎಂದಲ್ಲ. ಜನ ಮಲಗಿರುತ್ತಾರೆ, ಟಿ.ವಿ. ಆರಿರುತ್ತದೆ, ಫೋನು ಸೈಲೆಂಟ್‌ನಲ್ಲಿರುತ್ತದೆ. ಎದ್ದಿದ್ದವರಿಗೂ ಕತ್ತಲಲ್ಲಿ ಅದು ಕಾಣುವುದಿಲ್ಲ.

ಡಲ್ಲಾಸ್ ಸುತ್ತಿನ ಫ್ರಿಸ್ಕೊ, ಪ್ಲೇನೊ, ಅರ್ವಿಂಗ್‌ಗಳಲ್ಲೋ ನ್ಯಾಶ್‌ವಿಲ್, ಅಟ್ಲಾಂಟಾಗಳಲ್ಲೋ ಮನೆ ಮಾಡಿರುವ ಕನ್ನಡಿಗರಿಗೆ, ಮಕ್ಕಳ ಮನೆಯಲ್ಲಿ ಕೆಲವು ತಿಂಗಳಿದ್ದು ಬರುವ ಅಪ್ಪ-ಅಮ್ಮಂದಿರಿಗೆ ಇದು ಯಾರದೋ ಊರಿನ ಸುದ್ದಿಯಲ್ಲ. 2019ರ ಅಕ್ಟೋಬರ್ 20ರಂದು ಉತ್ತರ ಡಲ್ಲಾಸ್ ಮತ್ತು ರಿಚರ್ಡ್‌ಸನ್ ಮೇಲೆ ಟೊರ್ನೇಡೊ ಹಾದಾಗ ರಾತ್ರಿ ಒಂಬತ್ತರ ಸುಮಾರು. ಬಹಳ ಜನ ಇನ್ನೂ ಎದ್ದಿದ್ದರು. ಮನೆಗಳು ಹಾಳಾದವು, ಯಾರೂ ಸಾಯಲಿಲ್ಲ.

ಮಲಗುವ ಕೋಣೆಯೊಳಗೆ ಜೋರಾಗಿ ಕೂಗುವ ಎರಡು ಸಾಧನಗಳಿರಬೇಕು, ಆ ಎರಡಕ್ಕೂ ಎಚ್ಚರಿಕೆ ಬರುವ ದಾರಿ ಬೇರೆ ಬೇರೆಯಾಗಿರಬೇಕು. ಎರಡು ಫೋನು ಇಟ್ಟುಕೊಂಡರೆ ಆಗುವುದಿಲ್ಲ, ಟವರ್ ಕೈಕೊಟ್ಟರೆ ಎರಡೂ ಒಟ್ಟಿಗೆ ಸುಮ್ಮನಾಗುತ್ತವೆ. ಒಂದು ವೆದರ್ ರೇಡಿಯೊ (ಸರ್ಕಾರದ ಹವಾಮಾನ ಎಚ್ಚರಿಕೆ ಹಿಡಿದು ಕೂಗುವ ರೇಡಿಯೊ), ಒಂದು ಫೋನು ಇಟ್ಟುಕೊಳ್ಳಿ.

ವಾಚ್ ಬೇರೆ, ವಾರ್ನಿಂಗ್ ಬೇರೆ

ಟೊರ್ನೇಡೊ ವಾಚ್ ಎಂದರೆ ವಾತಾವರಣ ಅದಕ್ಕೆ ಅನುಕೂಲವಾಗಿದೆ ಎಂದರ್ಥ. ಓಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಇದನ್ನು ಹತ್ತಾರು ಕೌಂಟಿಗಳಿಗೆ, ಹಲವು ಗಂಟೆಗಳ ಅವಧಿಗೆ ಕೊಡುತ್ತದೆ. ವಾರ್ನಿಂಗ್ ಕೊಡುವುದು ರಾಷ್ಟ್ರೀಯ ಹವಾಮಾನ ಸೇವೆಯ ಸ್ಥಳೀಯ ಕಚೇರಿ. ಸುಂಟರಗಾಳಿ ಕಣ್ಣಿಗೆ ಬಿದ್ದಿದೆ ಅಥವಾ ರೇಡಾರ್‌ನಲ್ಲಿ ಗಾಳಿ ಸುತ್ತುವುದು ಕಂಡಿದೆ ಎಂದಾಗ ಅದು ಹೊರಡುತ್ತದೆ. ಸಾಮಾನ್ಯವಾಗಿ ಅರ್ಧ, ಮುಕ್ಕಾಲು ಗಂಟೆ ಜಾರಿಯಲ್ಲಿರುತ್ತದೆ. ಗಾಳಿ ಬಾಗಿಲಿಗೆ ಬರುವ ಮೊದಲು ಸಿಗುವ ಸಮಯ ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ ಎಂದುಕೊಳ್ಳಿ. ಕೆಲವೊಮ್ಮೆ ಅಷ್ಟೂ ಇಲ್ಲ. ವಾಚ್ ಇದ್ದಾಗ ಮಲಗುವ ಜಾಗ ಸಿದ್ಧ ಮಾಡಿಕೊಳ್ಳಿ, ವಾರ್ನಿಂಗ್ ಬಂದಾಗ ಎದ್ದು ಓಡಿ.

ವೆದರ್ ರೇಡಿಯೊ ಹೊಂದಿಸುವುದು

ನೋವಾ (ಅಮೆರಿಕ ಸರ್ಕಾರದ ಸಾಗರ ಮತ್ತು ಹವಾಮಾನ ಸಂಸ್ಥೆ) ವೆದರ್ ರೇಡಿಯೊ ಪ್ರಸಾರ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಕಂಪನಾಂಕಗಳಲ್ಲಿ ದಿನದ 24 ಗಂಟೆಯೂ ನಡೆಯುತ್ತದೆ. ಇಂಟರ್ನೆಟ್ ಬೇಡ, ತಿಂಗಳ ಬಾಡಿಗೆ ಇಲ್ಲ. ಕೊಳ್ಳುವಾಗ ಎರಡು ಗುಣ ನೋಡಿ: ಕೌಂಟಿಯ ‘ಸೇಮ್’ ಕೋಡ್ (ಯಾವ ಕೌಂಟಿಯ ಎಚ್ಚರಿಕೆಗೆ ಕೂಗಬೇಕೆಂದು ರೇಡಿಯೊಗೆ ತಿಳಿಸುವ ಅಂಕಿ) ಹಾಕುವಂತಿರಬೇಕು, ಕರೆಂಟು ಹೋದಾಗ ಸೆಲ್‌ನಿಂದ ನಡೆಯಬೇಕು. ಕೈಯಿಂದ ತಿರುಗಿಸಿ ಚಾರ್ಜ್ ಮಾಡುವ ಅಗ್ಗದ ರೇಡಿಯೊಗಳಲ್ಲಿ ಬಹಳಷ್ಟಕ್ಕೆ ಈ ಕೋಡ್ ಸೌಲಭ್ಯವಿಲ್ಲ. ಕ್ಯಾಂಪಿಂಗ್‌ಗೆ ಅವು ಸರಿ, ಹಾಸಿಗೆ ಪಕ್ಕಕ್ಕೆ ಬೇಡ.

1. ಮೊದಲು ಸೆಲ್ ಹಾಕಿ, ಆಮೇಲೆ ಪ್ಲಗ್ಗಿಗೆ ಚುಚ್ಚಿ. ಬರೀ ಪ್ಲಗ್ಗನ್ನೇ ನಂಬಿದರೆ, ಬಿರುಗಾಳಿಗೆ ಕಂಬ ಬಿದ್ದೊಡನೆ ರೇಡಿಯೊ ಸತ್ತುಹೋಗುತ್ತದೆ. ಹಳೇ ಸೆಲ್ ಸೋರಿ ಒಳಗಿನ ಸ್ಪ್ರಿಂಗಿಗೆ ಹಸಿರು ತುಕ್ಕು ಹಿಡಿಸುವುದುಂಟು. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಭಾನುವಾರ ಸೆಲ್ಲನ್ನೂ ಬದಲಿಸಿ.

2. ಏಳು ಚಾನೆಲ್‌ಗಳನ್ನೂ ಒಂದೊಂದಾಗಿ ಹಾಕಿ ಕೇಳಿ. ಧ್ವನಿ ಯಾವುದರಲ್ಲಿ ಸ್ಪಷ್ಟವೋ ಅದನ್ನು ಇಟ್ಟುಕೊಳ್ಳಿ, ಆದರೆ ಆ ಟ್ರಾನ್ಸ್‌ಮಿಟರ್ ನಿಮ್ಮ ಕೌಂಟಿಯ ಎಚ್ಚರಿಕೆಗಳನ್ನು ಬಿತ್ತರಿಸುತ್ತದೆಯೇ ಎಂದು ಹವಾಮಾನ ಸೇವೆಯ ಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಿ. ಪಕ್ಕದ ರಾಜ್ಯದ ಟ್ರಾನ್ಸ್‌ಮಿಟರ್ ಚೆನ್ನಾಗಿ ಕೇಳಿಸಿ, ನಿಮ್ಮ ಊರಿನ ಸುದ್ದಿಯೇ ಅದರಲ್ಲಿ ಇಲ್ಲದಿರಬಹುದು.

3. ಕೌಂಟಿ ಕೋಡ್ ಹಾಕಿ. ಇದು ಆರು ಅಂಕಿಯದು: ಮೊದಲ 0 ಇಡೀ ಕೌಂಟಿ ಎನ್ನುವುದಕ್ಕೆ, ನಂತರದ ಎರಡು ರಾಜ್ಯಕ್ಕೆ, ಕೊನೆಯ ಮೂರು ಕೌಂಟಿಗೆ. ಟೆಕ್ಸಸ್‌ಗೆ 48. ಡಲ್ಲಾಸ್ ಕೌಂಟಿ 048113, ಕಾಲಿನ್ 048085, ಡೆಂಟನ್ 048121. ಫ್ರಿಸ್ಕೊ ಊರು ಕಾಲಿನ್, ಡೆಂಟನ್ ಎರಡರಲ್ಲೂ ಹರಡಿರುವುದರಿಂದ ಅಲ್ಲಿಯವರು ಎರಡನ್ನೂ ಹಾಕಿಕೊಳ್ಳುವುದು ಒಳ್ಳೆಯದು. ಅಮೆರಿಕದಲ್ಲಿ ಟೊರ್ನೇಡೊ ಹೆಚ್ಚಾಗಿ ನೈಋತ್ಯದಿಂದ ಈಶಾನ್ಯಕ್ಕೆ ಸಾಗುತ್ತದೆ. ಮನೆ ಕೌಂಟಿಯ ಅಂಚಿನಲ್ಲಿದ್ದರೆ ಪಶ್ಚಿಮದ ಅಥವಾ ನೈಋತ್ಯದ ಪಕ್ಕದ ಕೌಂಟಿಯ ಕೋಡನ್ನೂ ಸೇರಿಸಿದರೆ ಕೆಲವು ನಿಮಿಷ ಹೆಚ್ಚು ಸಿಗುತ್ತದೆ.

4. ರೇಡಿಯೊದಲ್ಲಿ ಸಿಂಗಲ್, ಮಲ್ಟಿಪಲ್, ಎನಿ ಎಂಬ ಆಯ್ಕೆಗಳಿರುತ್ತವೆ. ‘ಎನಿ’ ಬೇಡವೇ ಬೇಡ. ಆ ಟ್ರಾನ್ಸ್‌ಮಿಟರ್ ವ್ಯಾಪ್ತಿಯ ಯಾವ ಮೂಲೆಯಲ್ಲಿ ಏನಾದರೂ ಅದು ಕಿರುಚುತ್ತದೆ. ಎರಡು ವಾರ ಸಹಿಸಿ ಮೂರನೆಯ ವಾರ ಪ್ಲಗ್ ಕಿತ್ತು ಡ್ರಾಯರಿಗೆ ಹಾಕಿದ ರೇಡಿಯೊಗಳ ಕಥೆ ಹೆಚ್ಚಾಗಿ ಇದೇ.

5. ಬೇಡದ ಎಚ್ಚರಿಕೆಗಳನ್ನು ತೆಗೆಯಿರಿ. ಪ್ರವಾಹದ ವಾಚ್, ಗುಡುಗುಮಳೆಯ ವಾಚ್ ನಡುರಾತ್ರಿ ಎಬ್ಬಿಸಬೇಕಾಗಿಲ್ಲ. ಟೊರ್ನೇಡೊ ವಾರ್ನಿಂಗ್ ಅನ್ನು ಮುಟ್ಟಬೇಡಿ. ಹಲವು ರೇಡಿಯೊಗಳಲ್ಲಿ ಅದನ್ನು ತೆಗೆಯಲು ಬರುವುದೂ ಇಲ್ಲ. ತೀವ್ರ ಗುಡುಗುಮಳೆ ವಾರ್ನಿಂಗ್ ವಿಚಾರದಲ್ಲಿ ಮನೆಮನೆಗೂ ಅಭಿಪ್ರಾಯ ಬೇರೆ. ಟೆನೆಸ್ಸಿ, ಅಲಬಾಮಾ, ಮಿಸಿಸಿಪ್ಪಿ ಕಡೆಯವರು ಇಟ್ಟುಕೊಳ್ಳುವುದೇ ಮೇಲು. ಅಲ್ಲಿ ರಾತ್ರಿ ಹೊತ್ತು ಉದ್ದನೆಯ ಮಳೆಸಾಲಿನೊಳಗೇ ಟೊರ್ನೇಡೊ ಥಟ್ಟನೆ ಹುಟ್ಟುತ್ತದೆ, ಪ್ರತ್ಯೇಕ ವಾರ್ನಿಂಗ್‌ಗೆ ಸಮಯವೇ ಇರುವುದಿಲ್ಲ.

6. ಅಲಾರಾಂ ಶೈಲಿಯನ್ನು ‘ಟೋನ್’ಗೆ ಇಡಿ. ‘ವಾಯ್ಸ್’ ಅಥವಾ ‘ಡಿಸ್‌ಪ್ಲೇ’ಗೆ ಇಟ್ಟರೆ ನಿದ್ದೆಯಲ್ಲಿರುವವರಿಗೆ ಎಚ್ಚರವಾಗದೆ ಹೋಗಬಹುದು.

ಕಿಟಕಿ ಹತ್ತಿರದ ಗೋಡೆ ಬದಿಗೆ, ಆಂಟೆನಾ ಪೂರ್ತಿ ಎಳೆದು ಇಡಿ. ಫೋನ್ ಚಾರ್ಜರ್, ಎಲ್‌ಇಡಿ ದೀಪ, ಕಬ್ಬಿಣದ ಕಪಾಟು ಇವುಗಳ ಪಕ್ಕದಲ್ಲಿ ಕರಕರ ಸದ್ದು ಬಂದು ಸಂಕೇತ ಓದಲಾಗದೆ ಹೋಗಬಹುದು. ಸಾಮಾನ್ಯವಾಗಿ ಪ್ರತಿ ಬುಧವಾರ ಬೆಳಿಗ್ಗೆ 11ರಿಂದ 12ರೊಳಗೆ ಪರೀಕ್ಷಾ ಸಂಕೇತ ಬರುತ್ತದೆ. ಅದು ಬಂದ ಗುರುತು ಪರದೆಯಲ್ಲಿ ಕಾಣದಿದ್ದರೆ ಚಾನೆಲ್ಲೋ ಕೋಡೋ ತಪ್ಪಿದೆ. ಆ ದಿನ ಹವೆ ಕೆಟ್ಟಿದ್ದರೆ ಪರೀಕ್ಷೆ ಮುಂದೆ ಹೋಗುತ್ತದೆ, ಗಾಬರಿ ಬೇಡ. ಕೆಲವು ರೇಡಿಯೊಗಳು ಪರೀಕ್ಷೆಯ ದಿನ ದೀಪ ಹಚ್ಚಿ ಸುಮ್ಮನಾಗುತ್ತವೆ. ಹಾಗಾಗಿ ಅಲಾರಾಂ ಸದ್ದನ್ನು ನೀವೇ ಒಮ್ಮೆ ಒತ್ತಿ, ಎ.ಸಿ. ಹಾಕಿ ಬಾಗಿಲು ಮುಚ್ಚಿ ಕೇಳಿನೋಡಿ. ಕಿವಿ ಮಂದವಾದವರಿಗೆ ರೇಡಿಯೊಗೆ ಜೋಡಿಸುವ ಮಿಂಚುದೀಪ, ದಿಂಬಿನಡಿ ನಡುಗುವ ಶೇಕರ್ ಸಿಗುತ್ತವೆ.

ಫೋನು

ಸರ್ಕಾರದ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ 2012ರಿಂದ ಇದೆ. ಆ್ಯಪ್ ಬೇಡ, ನಂಬರ್ ನೋಂದಾಯಿಸುವುದೂ ಬೇಡ. ರೇಡಿಯೊ ಇಡೀ ಕೌಂಟಿಗೆ ಕೂಗಿದರೆ, ಇದು ವಾರ್ನಿಂಗ್‌ನ ನಕ್ಷೆಯೊಳಗಿನ ಫೋನುಗಳಿಗೆ ಬರುತ್ತದೆ. ಆದ್ದರಿಂದ ಸುಳ್ಳು ಎಚ್ಚರ ಕಡಿಮೆ.

ಐಫೋನಿನಲ್ಲಿ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಕೊನೆಯವರೆಗೆ ಇಳಿಯಿರಿ. ಎಮರ್ಜೆನ್ಸಿ ಅಲರ್ಟ್ಸ್ ಆನ್ ಇರಲಿ, ಅದರೊಳಗೆ ಸೈಲೆಂಟ್‌ನಲ್ಲೂ ಸದ್ದು ಮಾಡುವ ಆಯ್ಕೆಯೂ ಆನ್ ಇರಲಿ. ಆಂಡ್ರಾಯ್ಡ್‌ನಲ್ಲಿ ಇದು ಹೆಚ್ಚಾಗಿ ಸೇಫ್ಟಿ ಅಂಡ್ ಎಮರ್ಜೆನ್ಸಿ ವಿಭಾಗದಲ್ಲಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ’ ಎಂದು ಹಾಕಿ. ಎಂದೋ ಒಮ್ಮೆ ಅಪಹರಣವಾದ ಮಗುವಿನ ಬಗ್ಗೆ ನಡುರಾತ್ರಿ ಆಂಬರ್ ಅಲರ್ಟ್ ಬಂದಾಗ ಸಿಟ್ಟಿನಲ್ಲಿ ಎಲ್ಲವನ್ನೂ ಆಫ್ ಮಾಡಿದವರು ಬಹಳ ಮಂದಿ, ಆಮೇಲೆ ಅದು ನೆನಪಿರುವುದಿಲ್ಲ.

ಇದು ಬರುವುದು ಮೊಬೈಲ್ ಟವರಿನಿಂದ, ವೈಫೈನಿಂದ ಅಲ್ಲ. ಏರ್‌ಪ್ಲೇನ್ ಮೋಡ್‌ನಲ್ಲಿಟ್ಟ ಫೋನಿಗೆ ಬಾರದು. ಸಿಗ್ನಲ್ ಸಿಗದೆ ವೈಫೈ ಕಾಲಿಂಗ್‌ನಲ್ಲೇ ನಡೆಯುವ ಮನೆಗೂ ಬಾರದು. ಭಾರತದ ಸಿಮ್ ಹಾಕಿಕೊಂಡು ಬಂದ ಅಪ್ಪ-ಅಮ್ಮನ ಫೋನಿಗೆ ಬಂದೇ ಬರುತ್ತದೆ ಎಂದು ನಂಬಿಕೊಳ್ಳಬೇಡಿ; ಅವರು ಮಲಗುವ ಕೋಣೆಗೂ ಒಂದು ರೇಡಿಯೊ ಇಡಿ. ಹವಾಮಾನದ ಆ್ಯಪ್‌ಗಳು ಮೂರನೆಯ ಸಾಲಿನವು. ಡು ನಾಟ್ ಡಿಸ್ಟರ್ಬ್ ಹಾಕಿದರೆ ಅವುಗಳಲ್ಲಿ ಹೆಚ್ಚಿನವು ಬಾಯಿ ಮುಚ್ಚುತ್ತವೆ.

ಊರಿನ ಸೈರನ್ ಬಗ್ಗೆ ಹೇಳುವುದಾದರೆ, ಅದು ಹೊಲದಲ್ಲಿ, ಮೈದಾನದಲ್ಲಿ ಇರುವವರಿಗಾಗಿ ಮಾಡಿದ್ದು. ಎರಡು ಗಾಜಿನ ಕಿಟಕಿ, ಎ.ಸಿ., ಹೊರಗೆ ಸುರಿವ ಮಳೆ, ಇಷ್ಟನ್ನೂ ದಾಟಿ ಅದು ನಿಮ್ಮನ್ನು ಎಬ್ಬಿಸುವುದಿಲ್ಲ.

ಮಲಗುವ ಮುಂಚೆ

ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರಿನ ಆ ದಿನದ ಮುನ್ಸೂಚನೆ ಕೊನೆಯ ಸಲ ಪರಿಷ್ಕಾರವಾಗುವುದು ಡಲ್ಲಾಸ್, ನ್ಯಾಶ್‌ವಿಲ್ ಸಮಯದಲ್ಲಿ ಚಳಿಗಾಲಕ್ಕೆ ಸಂಜೆ 7ಕ್ಕೆ, ಬೇಸಿಗೆ ಸಮಯದಲ್ಲಿ ರಾತ್ರಿ 8ಕ್ಕೆ. ಊಟ ಮುಗಿಸಿ ಅದನ್ನು ನೋಡಿ. ಅಪಾಯ ಐದು ಮಟ್ಟಗಳಲ್ಲಿರುತ್ತದೆ. ಎರಡನೆಯ ಮಟ್ಟವಾದರೂ, ಮಳೆಸಾಲು ನಿಮ್ಮ ಊರಿಗೆ ಬರುವುದು ನಡುರಾತ್ರಿ ಎಂದಿದ್ದರೆ, ಅದು ತಲುಪುವ ಒಂದು ಗಂಟೆ ಮುಂಚೆಗೆ ಗಡಿಯಾರದ ಅಲಾರಾಂ ಇಡಿ.

ಅಂಥ ರಾತ್ರಿ ಫೋನು ಪೂರ್ತಿ ಚಾರ್ಜ್ ಆಗಿರಲಿ. ಮಹಡಿ ಮನೆಯವರು ಅಂದು ಕೆಳಗೇ ಹಾಸಿಕೊಂಡು ಮಲಗಲಿ. ಮಂಚದ ಪಕ್ಕ ಶೂ, ಟಾರ್ಚು, ಕನ್ನಡಕ, ಮಕ್ಕಳ ಸೈಕಲ್ ಹೆಲ್ಮೆಟ್ ಇರಲಿ. ಬಿದ್ದ ಮನೆಯಲ್ಲಿ ಬರಿಗಾಲಿಗೆ ಗಾಜು, ಮೊಳೆ ಚುಚ್ಚುವುದು ದೊಡ್ಡ ತೊಂದರೆ. ತಲೆಗೆ ಬೀಳುವ ಪೆಟ್ಟು ಅದಕ್ಕಿಂತ ಕೆಟ್ಟದ್ದು. ಮೂರನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದರೆ ನೆಲಮಹಡಿಯ ನೆರೆಯವರೊಂದಿಗೆ ಹಗಲಲ್ಲೇ ಮಾತಾಡಿಕೊಳ್ಳಿ. ಮೊಬೈಲ್ ಹೋಮ್‌ನಲ್ಲಿ (ಕಾರ್ಖಾನೆಯಲ್ಲಿ ಕಟ್ಟಿ ತಂದಿಟ್ಟ ಹಗುರ ಮನೆಯಲ್ಲಿ) ಇರುವವರು ವಾರ್ನಿಂಗ್‌ಗೆ ಕಾಯಬಾರದು, ವಾಚ್ ಇದ್ದಾಗಲೇ ಗಟ್ಟಿ ಕಟ್ಟಡಕ್ಕೆ ಹೋಗಿ ಅಲ್ಲೇ ಮಲಗಬೇಕು.

ಅಲಾರಾಂ ಹೊಡೆದಾಗ

ಕಿಟಕಿಗೆ ಹೋಗಿ ನೋಡಬೇಡಿ, ಯಾರಿಗೂ ಫೋನ್ ಮಾಡಿ ಕೇಳಬೇಡಿ. ಬೇಸ್‌ಮೆಂಟ್ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ನೆಲಮಹಡಿಯ ನಡುವಿನ, ಕಿಟಕಿಯಿಲ್ಲದ ಬಚ್ಚಲಿಗೋ ಕ್ಲೋಸೆಟ್‌ಗೋ ಹೋಗಿ. ಬಾಗಿಲು ಹಾಕಿ, ತಗ್ಗಿ ಕೂತು, ದಪ್ಪ ಹೊದಿಕೆಯೋ ಹಾಸಿಗೆಯೋ ಮೇಲೆ ಹೊದ್ದುಕೊಳ್ಳಿ. ಲಿಫ್ಟ್ ಬೇಡ. ಮಕ್ಕಳನ್ನೂ ಸೇರಿಸಿಕೊಂಡು ಒಂದು ರಾತ್ರಿ ದೀಪ ಆರಿಸಿ ಇದನ್ನು ಮಾಡಿನೋಡಿ: ಮಂಚದಿಂದ ಆ ಜಾಗಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಜಾಗವನ್ನೋ ದಾರಿಯನ್ನೋ ಬದಲಿಸಿ.

ಗಾಳಿ ನಿಂತಿತೆಂದು ತಕ್ಷಣ ಹೊರಬರಬೇಡಿ. ವಾರ್ನಿಂಗ್ ಮುಗಿಯುವ ಗಂಟೆ ಫೋನಿನ ಸಂದೇಶದಲ್ಲೇ ಬರೆದಿರುತ್ತದೆ. ಒಂದು ಮುಗಿದ ಮೇಲೆ ಹಿಂದಿನಿಂದ ಇನ್ನೊಂದು ಮೋಡ ಬರಬಹುದು. ಆದ್ದರಿಂದ ವಾಚ್ ತೆರವಾಗುವವರೆಗೆ ರೇಡಿಯೊ ಆನ್ ಇರಲಿ, ಅಲಾರಾಂ ನಿಲ್ಲಿಸುವಾಗ ಅರೆನಿದ್ದೆಯಲ್ಲಿ ಪವರ್ ಬಟನ್ ಒತ್ತಿಲ್ಲವೆಂದು ನೋಡಿಕೊಳ್ಳಿ.